ಓದಿನ ಕ್ರಮವನ್ನು ನಿರ್ಧರಿಸುವವರು ಯಾರು? ಜಾಲತಾಣಗಳ ಫೀಡು ಮತ್ತು ಕನ್ನಡ ಸಂಶೋಧನೆ

ಯಾವುದೇ ಸಂಶೋಧನೆಯ ಮೊದಲ ಹೆಜ್ಜೆ ಪೂರ್ವಾಧ್ಯಯನಗಳ ಸಮೀಕ್ಷೆ. ಆಯ್ದುಕೊಂಡ ವಿಷಯದ ಮೇಲೆ ಈವರೆಗೆ ಯಾರು, ಎಲ್ಲಿ, ಏನು ಬರೆದಿದ್ದಾರೆ ಎಂಬುದನ್ನು ತಿಳಿಯದೆ ರಚಿಸಿದ ಪ್ರಬಂಧವು ಎಷ್ಟೇ ಶ್ರಮದಿಂದ ಕೂಡಿದ್ದರೂ, ಆಗಲೇ ಹೇಳಿದ್ದನ್ನು ಮತ್ತೆ ಹೇಳುವ ಅಪಾಯದಿಂದ ಪಾರಾಗುವುದಿಲ್ಲ. ಕಳೆದ ಶತಮಾನದ ಕನ್ನಡ ವಿದ್ವಾಂಸರಿಗೆ ಈ ಸಮೀಕ್ಷೆಯ ಕ್ಷೇತ್ರ ಬಹುಮಟ್ಟಿಗೆ ಗೊತ್ತಾದ ಎಲ್ಲೆಗಳನ್ನು ಹೊಂದಿತ್ತು. 1872ರಲ್ಲಿ ಆರಂಭವಾದ 'ಇಂಡಿಯನ್ ಆಂಟಿಕ್ವರಿ', 1916ರಿಂದ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಹುಟ್ಟಿದ 'ಪ್ರಬುದ್ಧ ಕರ್ನಾಟಕ' ಮೊದಲಾದ ನಿಯತಕಾಲಿಕಗಳಲ್ಲಿ ಹೊಸ ಶಾಸನಪಾಠ, ಕವಿಕಾಲ ವಿಚಾರ, ಪಾಠಾಂತರ ಚರ್ಚೆಗಳು ಪ್ರಕಟವಾಗುತ್ತಿದ್ದವು. ಸಂಪುಟ, ಸಂಚಿಕೆ, ಪುಟಸಂಖ್ಯೆ ಇವು ಮೂರು ತಿಳಿದರೆ ಲೇಖನ ಕೈಗೆ ಸಿಗುತ್ತಿತ್ತು. ಸಂಚಿಕೆಗಳನ್ನು ಕ್ರಮವಾಗಿ ನೋಡುತ್ತ ಬಂದವರಿಗೆ, ಕ್ಷೇತ್ರದಲ್ಲಿ ಏನು ನಡೆಯುತ್ತಿದೆಯೆಂಬುದರ ಅರಿವು ತಾನಾಗಿಯೇ ಒದಗುತ್ತಿತ್ತು.

ಇಂದಿನ ಸ್ಥಿತಿ ಬೇರೆ. ನಿಯತಕಾಲಿಕಗಳು ಉಳಿದಿವೆಯಾದರೂ, ಗಂಭೀರ ಬರವಣಿಗೆಯ ಒಂದು ಭಾಗ ಅವುಗಳಿಂದ ಹೊರಗೆ ಹೋಗಿದೆ. ಹೊಸದಾಗಿ ಕಂಡ ವೀರಗಲ್ಲಿನ ಪಾಠವನ್ನು ಒಬ್ಬರು ಬ್ಲಾಗಿನಲ್ಲಿ ಬರೆಯುತ್ತಾರೆ. ಹಸ್ತಪ್ರತಿಯೊಂದರ ಪರಿಚಯ ಮತ್ತೊಬ್ಬರ ಜಾಲತಾಣದಲ್ಲಿ ಬರುತ್ತದೆ. ಪುಸ್ತಕ ವಿಮರ್ಶೆ ಜಾಲಪತ್ರಿಕೆಯಲ್ಲಿ, ಅದಕ್ಕೆ ಪ್ರತಿಕ್ರಿಯೆ ಫೇಸ್‌ಬುಕ್ಕಿನಲ್ಲಿ, ಅದರ ಮೇಲಿನ ವಾದ ವಾಟ್ಸಾಪ್ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತದೆ. ಬರವಣಿಗೆ ಹೆಚ್ಚಿದೆ, ಅದನ್ನು ಕ್ರಮವಾಗಿ ಗಮನಿಸುವ ವಿಧಾನ ಮಾತ್ರ ಶಿಥಿಲವಾಗಿದೆ. ಯಾರೋ ಕಳುಹಿಸಿದ ಕೊಂಡಿಯ ಮೂಲಕ ಬಂದದ್ದನ್ನು ಓದುವುದು, ಬಾರದ್ದು ಇಲ್ಲವೆಂದೇ ಭಾವಿಸುವುದು ಅನೇಕ ವಿದ್ಯಾರ್ಥಿಗಳ ರೂಢಿಯಾಗಿದೆ. ಈ ಸಂದರ್ಭದಲ್ಲಿ, ಎರಡು ದಶಕಗಳಿಗೂ ಹಿಂದೆಯೇ ರೂಪುಗೊಂಡು ಈಗ ಬಹುಪಾಲು ಮರೆಗೆ ಸರಿದಿರುವ ಒಂದು ಸರಳ ಸಾಧನವನ್ನು ಮತ್ತೆ ಪರಿಶೀಲಿಸುವುದು ಅಗತ್ಯವಾಗಿದೆ. ಅದೇ ಜಾಲತಾಣಗಳ ಫೀಡು.

ಫೀಡೆಂದರೆ ಒಂದು ಜಾಲತಾಣವು ತನ್ನ ಇತ್ತೀಚಿನ ಬರಹಗಳ ಪಟ್ಟಿಯನ್ನು ಯಂತ್ರಗಳು ಓದಬಲ್ಲ ನಿಶ್ಚಿತ ವಿನ್ಯಾಸದಲ್ಲಿ ಇಟ್ಟಿರುವ ಕಡತ. ಪ್ರತಿಯೊಂದು ಬರಹದ ಶೀರ್ಷಿಕೆ, ಕೊಂಡಿ, ಸಾರಾಂಶ ಅಥವಾ ಪೂರ್ಣಪಾಠ ಹಾಗೂ ಪ್ರಕಟಣೆಯ ದಿನಾಂಕ ಅದರಲ್ಲಿರುತ್ತವೆ. ಒಂದು ಬರಹವನ್ನು ಮತ್ತೊಂದರಿಂದ ಬೇರ್ಪಡಿಸುವ ಗುರುತೂ ಇರಬಹುದು. ಓದುಗನ ಬಳಿ ಫೀಡ್ ರೀಡರ್ ಎಂಬ ತಂತ್ರಾಂಶವಿರುತ್ತದೆ. ಅದಕ್ಕೆ ಫೀಡುಗಳ ವಿಳಾಸಗಳನ್ನು ಒಮ್ಮೆ ಕೊಟ್ಟರೆ, ಅದು ಆಗಾಗ ಆಯಾ ತಾಣಗಳಿಗೆ ಹೋಗಿ, ಹೊಸದೇನಾದರೂ ಬಂದಿದೆಯೇ ಎಂದು ವಿಚಾರಿಸಿ, ಬಂದಿದ್ದರೆ ತಂದು ಒಂದೆಡೆ ಇಡುತ್ತದೆ. ನೂರು ಬ್ಲಾಗುಗಳಿಗೆ ದಿನವೂ ಭೇಟಿ ಕೊಡುವ ಶ್ರಮ ತಪ್ಪುತ್ತದೆ. ಓದಿದ್ದು ಯಾವುದು, ಓದದೆ ಉಳಿದದ್ದು ಯಾವುದು ಎಂಬ ಲೆಕ್ಕವೂ ಅಲ್ಲಿಯೇ ಇರುತ್ತದೆ. ಚಂದಾದಾರನಾಗಲು ಹೆಸರನ್ನಾಗಲಿ, ಇ-ಮೇಲ್ ವಿಳಾಸವನ್ನಾಗಲಿ ತಾಣಕ್ಕೆ ನೀಡಬೇಕಿಲ್ಲ. ಬಿಡಬೇಕೆನಿಸಿದರೆ ಯಾರನ್ನೂ ಕೇಳದೆ ಬಿಡಬಹುದು.

ಈ ಸಾಧನದ ಚರಿತ್ರೆ ಚಿಕ್ಕದಾದರೂ ಬೋಧಪ್ರದವಾದುದು. 1999ರ ಮಾರ್ಚಿಯಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಮುಖಪುಟದಲ್ಲಿ ಬೇರೆ ಬೇರೆ ತಾಣಗಳ ಶೀರ್ಷಿಕೆಗಳನ್ನು ಒಂದೆಡೆ ತೋರಿಸಲು ಆರ್‌ಎಸ್‌ಎಸ್ ಎಂಬ ವಿನ್ಯಾಸವನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಮದ್ರಾಸಿನ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಅವರು ಪ್ರಮುಖರು. ಮರುವರ್ಷ ಇದರ ಒಂದು ಪರಿಷ್ಕೃತ ರೂಪವನ್ನು ಸಿದ್ಧಪಡಿಸಿದ ಗುಂಪಿನಲ್ಲಿ, ಜ್ಞಾನದ ಮುಕ್ತ ಲಭ್ಯತೆಗಾಗಿ ಮುಂದೆ ಹೋರಾಡಿದ ಆರನ್ ಸ್ವಾರ್ಟ್ಸ್ ಇನ್ನೂ ಹದಿಹರೆಯದವನಾಗಿ ಕೆಲಸ ಮಾಡಿದ. 2002ರಲ್ಲಿ ಡೇವ್ ವೈನರ್ ಅವರ ಮುಂದಾಳುತನದಲ್ಲಿ ಆರ್‌ಎಸ್‌ಎಸ್ 2.0 ಬಂದಿತು. ವಿನ್ಯಾಸಗಳ ನಡುವಿನ ಭಿನ್ನಾಭಿಪ್ರಾಯಗಳಿಂದ ಬೇಸತ್ತವರು ಆಟಂ ಎಂಬ ಮತ್ತೊಂದು ವಿನ್ಯಾಸವನ್ನು ರಚಿಸಿದರು. ಅದು 2005ರ ಡಿಸೆಂಬರಿನಲ್ಲಿ ಅಂತರಜಾಲದ ಅಧಿಕೃತ ಮಾನಕವಾಯಿತು. ಇಂದಿನ ರೀಡರುಗಳು ಇವೆರಡನ್ನೂ ಓದುತ್ತವೆಯಾದ್ದರಿಂದ ಬಳಕೆದಾರನಿಗೆ ಈ ಭೇದ ತೊಡಕಾಗುವುದಿಲ್ಲ.

2005ರ ಅಕ್ಟೋಬರಿನಲ್ಲಿ ಆರಂಭವಾದ ಗೂಗಲ್ ರೀಡರ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಉಚಿತವೂ ಸುಲಭವೂ ಆದ ಆ ಸೇವೆಯ ಎದುರು ಹಲವು ರೀಡರುಗಳು ಹಿಂದೆ ಸರಿದವು. ಬಳಕೆ ಕಡಿಮೆಯಾಗಿದೆಯೆಂಬ ಕಾರಣ ಕೊಟ್ಟು 2013ರ ಜುಲೈ 1ರಂದು ಗೂಗಲ್ ಅದನ್ನು ಮುಚ್ಚಿದಾಗ, ಫೀಡು ಎಂಬ ಪದ್ಧತಿಯೇ ಮುಗಿಯಿತೆಂದು ಅನೇಕರು ತಿಳಿದರು. ಅದೇ ವರ್ಷ ಟ್ವಿಟರ್ ತನ್ನ ಫೀಡುಗಳನ್ನು ನಿಲ್ಲಿಸಿತು. 2018ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ ಜಾಲವೀಕ್ಷಕವೂ ಫೀಡು ಓದುವ ಸೌಲಭ್ಯವನ್ನು ತೆಗೆದುಹಾಕಿತು. ಆದರೆ ಮುಚ್ಚಿದ್ದು ಒಂದು ಸಂಸ್ಥೆಯ ಸೇವೆ, ನಿಂತದ್ದು ಕೆಲವು ಕಂಪನಿಗಳ ಬೆಂಬಲ. ಮಾನಕ ಯಾರ ಸ್ವತ್ತೂ ಅಲ್ಲದ ಕಾರಣ ಉಳಿಯಿತು. ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ತಾಣಗಳು ಇಂದಿಗೂ ತಾವಾಗಿಯೇ ಫೀಡನ್ನು ಸಿದ್ಧಪಡಿಸುತ್ತವೆ. ಜನಪ್ರಿಯವಾಗಿರುವ ಪಾಡ್‌ಕಾಸ್ಟ್‌ಗಳ ಬೆನ್ನೆಲುಬಾಗಿ ನಿಂತಿರುವುದೂ ಇದೇ ಆರ್‌ಎಸ್‌ಎಸ್. ಫೀಡ್ಲಿ, ಇನೊರೀಡರ್‌ಗಳಂಥ ಸೇವೆಗಳು, ಸ್ವಂತ ಸರ್ವರಿನಲ್ಲಿ ನಡೆಸಬಹುದಾದ ಫ್ರೆಶ್‌ಆರ್‌ಎಸ್‌ಎಸ್, ಇ-ಮೇಲ್ ಓದಲು ಬಳಸುವ ಥಂಡರ್‌ಬರ್ಡ್ ಇವೆಲ್ಲ ಫೀಡುಗಳನ್ನು ಓದಬಲ್ಲವು.

ಫೀಡು ಎಂಬ ಪದಕ್ಕೆ ಈ ನಡುವೆ ಬೇರೊಂದು ಅರ್ಥ ಬಂದಿದೆ. 2006ರಲ್ಲಿ ಫೇಸ್‌ಬುಕ್ 'ನ್ಯೂಸ್ ಫೀಡ್' ಎಂಬುದನ್ನು ಆರಂಭಿಸಿದ ಮೇಲೆ, ಮೊಬೈಲಿನ ಪರದೆಯ ಮೇಲೆ ಕೊನೆಯಿಲ್ಲದೆ ಉರುಳುವ ಸುದ್ದಿ, ಚಿತ್ರ, ಜಾಹೀರಾತುಗಳ ಸಾಲಿಗೆ ಆ ಹೆಸರು ನಿಂತುಬಿಟ್ಟಿದೆ. ಹೆಸರು ಒಂದೇ ಆದರೂ ಎರಡರ ಸ್ವಭಾವ ಪರಸ್ಪರ ವಿರುದ್ಧವಾದುದು. ಹಳೆಯ ಅರ್ಥದ ಫೀಡಿನಲ್ಲಿ ಮೂಲಗಳನ್ನು ಆರಿಸುವವನು ಓದುಗ. ಕ್ರಮವನ್ನು ನಿರ್ಧರಿಸುವುದು ಪ್ರಕಟಣೆಯ ಕಾಲ. ಹೊಸ ಅರ್ಥದ ಫೀಡಿನಲ್ಲಿ ಏನನ್ನು ತೋರಿಸಬೇಕು, ಏನನ್ನು ಮೊದಲು ತೋರಿಸಬೇಕು, ಏನನ್ನು ತೋರಿಸಲೇಬಾರದು ಎಂಬುದನ್ನು ನಿರ್ಧರಿಸುವುದು ಕಂಪನಿಯ ಗಣನಾಸೂತ್ರ. ಆ ಸೂತ್ರದ ಗುರಿ ಓದುಗನನ್ನು ಹೆಚ್ಚು ಹೊತ್ತು ಪರದೆಯ ಮುಂದೆ ಕೂರಿಸುವುದು. ಹೆಚ್ಚು ಜನ ಪ್ರತಿಕ್ರಿಯಿಸಿದ್ದು ಮೇಲೆ ಬರುತ್ತದೆ, ಉಳಿದದ್ದು ಕೆಳಗೆ ಜಾರುತ್ತದೆ.

ಮನರಂಜನೆಗಾಗಿ ನೋಡುವವರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಸಂಶೋಧಕನಿಗೆ ಇದು ಗಂಭೀರವಾದ ತೊಂದರೆ. ಹತ್ತನೆಯ ಶತಮಾನದ ನಿಷಿಧಿ ಶಾಸನವೊಂದರ ಸವೆದ ಸಾಲನ್ನು ಹೊಸದಾಗಿ ಓದಿ, ಹಿಂದಿನ ಪಾಠವನ್ನು ತಿದ್ದಿದ ಬರಹಕ್ಕೆ ಹತ್ತು ಜನರ ಮೆಚ್ಚುಗೆಯೂ ಬಾರದಿರಬಹುದು. ಅದೇ ವಾರ ಕವಿಯೊಬ್ಬನ ಜಾತಿಯನ್ನು ಕುರಿತ ಹುರುಳಿಲ್ಲದ ವಿವಾದಕ್ಕೆ ಸಾವಿರಾರು ಪ್ರತಿಕ್ರಿಯೆಗಳು ಬರಬಹುದು. ಗಣನಾಸೂತ್ರಕ್ಕೆ ಎರಡನೆಯದು ಮುಖ್ಯ. ಆ ಕಾಲದ ಶಾಸನಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗೆ ಮೊದಲನೆಯದು ಅನಿವಾರ್ಯ. ತನಗೆ ಕಾಣದೆ ಹೋದದ್ದು ಏನೆಂಬುದು ಆತನಿಗೆ ತಿಳಿಯುವ ಮಾರ್ಗವೂ ಇರುವುದಿಲ್ಲ. ಗ್ರಂಥಾಲಯದಲ್ಲಿ ಒಂದು ಸಂಚಿಕೆ ಇಲ್ಲದಿದ್ದರೆ ಕಪಾಟಿನಲ್ಲಿ ಅದರ ತೆರವು ಕಾಣುತ್ತದೆ. ಗಣನಾಸೂತ್ರ ಮರೆಮಾಡಿದ್ದಕ್ಕೆ ಯಾವ ತೆರವೂ ಕಾಣುವುದಿಲ್ಲ. ಫೀಡ್ ರೀಡರಿನಲ್ಲಿ ಈ ತೊಂದರೆಯಿಲ್ಲ. ಚಂದಾ ಪಡೆದ ತಾಣದಲ್ಲಿ ಪ್ರಕಟವಾದದ್ದೆಲ್ಲವೂ, ಮೆಚ್ಚುಗೆಯ ಸಂಖ್ಯೆ ಎಷ್ಟೇ ಇರಲಿ, ಸಮಾನವಾಗಿ ಸಾಲಿನಲ್ಲಿ ಬಂದು ನಿಲ್ಲುತ್ತದೆ.

ಹಲವೆಡೆಯ ಬರಹಗಳನ್ನು ಒಂದೆಡೆ ತರುವ ಕೆಲಸ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ', ಹದಿನಾರನೆಯ ಶತಮಾನದ ಅಭಿನವವಾದಿ ವಿದ್ಯಾನಂದನ 'ಕಾವ್ಯಸಾರ' ಇವು ಹಿಂದಿನ ಕವಿಗಳ ಪದ್ಯಗಳನ್ನು ವಿಷಯಾನುಸಾರವಾಗಿ ಆಯ್ದು ಜೋಡಿಸಿದ ಸಂಕಲನಗಳು. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ಉಪಲಬ್ಧವಿಲ್ಲ. ಸಂಕಲನಗಳಲ್ಲಿಯೂ ಲಕ್ಷಣಗ್ರಂಥಗಳಲ್ಲಿಯೂ ಉಳಿದುಬಂದ ಪದ್ಯಗಳಿಂದಲೇ ಅವುಗಳ ಸ್ವರೂಪವನ್ನು ಊಹಿಸಬೇಕಾಗಿದೆ. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ 'ಕರ್ನಾಟಕ ಕವಿಚರಿತೆ' ಕೂಡ ಚದುರಿದ್ದ ಮಾಹಿತಿಯನ್ನು ಕ್ರಮಕ್ಕೆ ತಂದ ಮಹತ್ಕಾರ್ಯ. ಈ ಕೃತಿಗಳೊಡನೆ ಒಂದು ತಂತ್ರಾಂಶವನ್ನು ಸಮಾನವೆಂದು ಎಣಿಸುವುದು ಸಲ್ಲದು. ಆದರೆ ಅವುಗಳಿಂದ ತಿಳಿಯುವ ಒಂದು ಅಂಶ ಇಲ್ಲಿಗೂ ಅನ್ವಯಿಸುತ್ತದೆ. ಏನನ್ನು ಕೂಡಿಸಬೇಕು ಎಂಬ ಆಯ್ಕೆಯೇ ವಿದ್ವತ್ತಿನ ಕೆಲಸ. ಆ ಆಯ್ಕೆಗೆ ಸಂಕಲನಕಾರನೇ ಹೊಣೆ. ಫೀಡುಗಳ ಪಟ್ಟಿಯನ್ನು ಸಿದ್ಧಪಡಿಸುವ ಸಂಶೋಧಕನೂ ಈ ಹೊಣೆಯನ್ನು ಹೊರುತ್ತಾನೆ. ಆ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಆತನ ಅಧ್ಯಯನದ ವ್ಯಾಪ್ತಿಯನ್ನು ಹೇಳುತ್ತದೆ.

ಬಳಕೆಯ ದೃಷ್ಟಿಯಿಂದ ಇದರಲ್ಲಿ ಕಠಿಣವಾದುದೇನೂ ಇಲ್ಲ. ಬಹುತೇಕ ರೀಡರುಗಳಿಗೆ ಬ್ಲಾಗಿನ ವಿಳಾಸವನ್ನು ಕೊಟ್ಟರೆ ಸಾಕು, ಅವು ಫೀಡಿನ ವಿಳಾಸವನ್ನು ತಾವೇ ಹುಡುಕಿಕೊಳ್ಳುತ್ತವೆ. ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿ ಇಡೀ ತಾಣಕ್ಕಲ್ಲದೆ ಒಂದೊಂದು ವಿಷಯವಿಭಾಗಕ್ಕೂ ಪ್ರತ್ಯೇಕ ಫೀಡು ದೊರೆಯುತ್ತದೆ; ಪ್ರವಾಸ, ಅಡುಗೆ, ಶಾಸನ ಎಲ್ಲವನ್ನೂ ಬರೆಯುವವರಿಂದ ಶಾಸನದ ಬರಹಗಳನ್ನು ಮಾತ್ರ ಪಡೆಯುವುದು ಇದರಿಂದ ಸಾಧ್ಯ. ವಿಕಿಪೀಡಿಯದ ಪ್ರತಿ ಲೇಖನದ ಇತಿಹಾಸ ಪುಟಕ್ಕೂ ಫೀಡು ಇದೆ. ಪಂಪನನ್ನೋ ಜನ್ನನನ್ನೋ ಕುರಿತ ಕನ್ನಡ ವಿಕಿಪೀಡಿಯ ಲೇಖನದಲ್ಲಿ ಯಾರಾದರೂ ಕಾಲನಿರ್ಣಯವನ್ನು ಆಧಾರವಿಲ್ಲದೆ ಬದಲಿಸಿದರೆ, ಅದು ತಜ್ಞರ ಗಮನಕ್ಕೆ ಬೇಗನೆ ಬಂದು ತಿದ್ದುಪಡಿಗೆ ಅವಕಾಶವಾಗುತ್ತದೆ. ಹಲವು ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಗಳು ಹೊಸ ಸಂಚಿಕೆಯ ಪರಿವಿಡಿಯನ್ನು ಫೀಡಿನ ಮೂಲಕ ಒದಗಿಸುತ್ತವೆ. ರೀಡರಿನಲ್ಲಿ ಶಾಸನ, ಹಸ್ತಪ್ರತಿ, ಛಂದಸ್ಸು, ಪುಸ್ತಕ ವಿಮರ್ಶೆ, ದಿನದ ಸುದ್ದಿ ಎಂದು ವಿಭಾಗಗಳನ್ನು ಮಾಡಿಕೊಂಡರೆ, ಆಯಾ ಹೊತ್ತಿನ ಕೆಲಸಕ್ಕೆ ಬೇಕಾದುದನ್ನಷ್ಟೇ ತೆರೆದು ಓದಬಹುದು.

ಗೂಗಲ್ ರೀಡರಿನ ಅಂತ್ಯ ಕಲಿಸಿದ ಮತ್ತೊಂದು ಪಾಠವನ್ನೂ ನೆನಪಿಡಬೇಕು. ಯಾವ ಸೇವೆಯೂ ಶಾಶ್ವತವಲ್ಲ. ಆದ್ದರಿಂದ ಚಂದಾ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಆಗಾಗ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಒಂದು ರೀಡರ್ ಮುಚ್ಚಿದರೆ ಅದೇ ಕಡತವನ್ನು ಮತ್ತೊಂದಕ್ಕೆ ಕೊಟ್ಟು ಮುಂದುವರಿಯಬಹುದು. ಈ ಕಡತಕ್ಕೆ ಶೈಕ್ಷಣಿಕ ಉಪಯೋಗವೂ ಇದೆ. ಮಾರ್ಗದರ್ಶಕರೊಬ್ಬರು ವರ್ಷಗಳಿಂದ ಬೆಳೆಸಿದ ಪಟ್ಟಿಯನ್ನು ಹೊಸ ವಿದ್ಯಾರ್ಥಿಗೆ ಕ್ಷಣದಲ್ಲಿ ಹಸ್ತಾಂತರಿಸಬಹುದು. ವಿದ್ಯಾರ್ಥಿ ಅದಕ್ಕೆ ತನ್ನ ಸೇರ್ಪಡೆಗಳನ್ನು ಮಾಡಬಹುದು. ವಿಭಾಗದ ಗ್ರಂಥಾಲಯವು ಇಂಥ ಪಟ್ಟಿಯೊಂದನ್ನು ಪರಿಷ್ಕರಿಸುತ್ತ ಬಂದರೆ ಅದೊಂದು ಸಜೀವ ಗ್ರಂಥಸೂಚಿಯಾಗುತ್ತದೆ.

ಕನ್ನಡದ ಸಂದರ್ಭದಲ್ಲಿ ವಿಶೇಷವಾಗಿ ಹೇಳಬೇಕಾದ ಮಾತು ಲಿಪಿಗೆ ಸಂಬಂಧಿಸಿದ್ದು. ಫೀಡು ಪಠ್ಯವನ್ನು ಸಾಗಿಸುತ್ತದೆ. ಆ ಪಠ್ಯ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಸಂಕೇತದಲ್ಲಿರಬೇಕು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳಲ್ಲಿ ಸಿದ್ಧಪಡಿಸಿದ ಪಠ್ಯವು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿತ್ತು. ಅಂಥ ಪಠ್ಯವನ್ನು ಹುಡುಕಲೂ ಆಗದು, ಫೀಡಿನಲ್ಲಿ ಓದಲೂ ಆಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದ್ದು, ಇಂದಿನ ಮೊಬೈಲು ಕಂಪ್ಯೂಟರುಗಳೆಲ್ಲ ಅದನ್ನು ಬೆಂಬಲಿಸುವುದರಿಂದ ಈ ತೊಡಕು ಬಹುಮಟ್ಟಿಗೆ ನೀಗಿದೆ. ಅದರ ಸ್ಥಾನದಲ್ಲಿ ಹೊಸ ತೊಡಕೊಂದು ಬಂದಿದೆ. ಲೇಖನವನ್ನು ಚಿತ್ರವಾಗಿ ಅಥವಾ ಹಳೆಯ ಫಾಂಟಿನ ಪಿಡಿಎಫ್ ಆಗಿ ಹಾಕಿ, ಅದರ ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಹಂಚಿದರೆ ಪ್ರಕಟಣೆಯ ಕೆಲಸ ಮುಗಿಯಿತೆಂಬ ಭಾವನೆ ಹರಡಿದೆ. ಗುಂಪಿನಲ್ಲಿದ್ದವರಿಗೆ ಅದು ಆ ದಿನ ಕಾಣುತ್ತದೆ. ಮರುವರ್ಷ ಸಂಶೋಧನೆಗೆ ಸೇರುವ ವಿದ್ಯಾರ್ಥಿಗೆ ಅದು ಇಲ್ಲವೆಂದೇ ಅರ್ಥ.

ಫೀಡಿನ ಮಿತಿಗಳನ್ನೂ ಮುಚ್ಚಿಡಬೇಕಾಗಿಲ್ಲ. ಮೊದಲನೆಯದಾಗಿ, ಅದು ಸಂಗ್ರಹಾಲಯವಲ್ಲ. ಅದರಲ್ಲಿ ಇರುವುದು ಇತ್ತೀಚಿನ ಕೆಲವು ಬರಹಗಳು ಮಾತ್ರ. ವರ್ಡ್‌ಪ್ರೆಸ್ ತಾಣಗಳಲ್ಲಿ ಬದಲಾವಣೆ ಮಾಡದಿದ್ದರೆ ಆ ಸಂಖ್ಯೆ ಹತ್ತು. ಚಂದಾ ಪಡೆಯುವ ಮುನ್ನ ಪ್ರಕಟವಾದುದನ್ನು ತಾಣಕ್ಕೆ ಹೋಗಿಯೇ ನೋಡಬೇಕು. ಎರಡನೆಯದಾಗಿ, ಪಟ್ಟಿಯಲ್ಲಿಲ್ಲದವರು ಬರೆದದ್ದು ಬರುವುದಿಲ್ಲ. ತನಗೆ ಒಪ್ಪಿಗೆಯಾದ ಪಂಥದವರನ್ನು ಮಾತ್ರ ಸೇರಿಸಿಕೊಂಡ ಸಂಶೋಧಕನಿಗೆ ಗಣನಾಸೂತ್ರದ ಓದುಗನಿಗಿಂತ ಹೆಚ್ಚಿನ ವಿಶಾಲತೆಯೇನೂ ಬರುವುದಿಲ್ಲ. ಮೂರನೆಯದಾಗಿ, ಅತಿಸಂಗ್ರಹದ ದೋಷವಿದೆ. ಮುನ್ನೂರು ತಾಣಗಳಿಗೆ ಚಂದಾ ಪಡೆದು, ಓದದ ಬರಹಗಳ ಸಂಖ್ಯೆ ಸಾವಿರ ದಾಟಿದ ಮೇಲೆ ರೀಡರನ್ನೇ ತೆರೆಯದಿರುವವರು ಇದ್ದಾರೆ. ಗಂಟೆಗೊಂದು ಸುದ್ದಿ ಹಾಕುವ ದಿನಪತ್ರಿಕೆಯ ಫೀಡನ್ನೂ, ಎರಡು ತಿಂಗಳಿಗೊಮ್ಮೆ ಬರೆಯುವ ವಿದ್ವಾಂಸರ ಬ್ಲಾಗನ್ನೂ ಒಂದೇ ವಿಭಾಗದಲ್ಲಿ ಇಟ್ಟರೆ ಎರಡನೆಯದು ಮೊದಲನೆಯದರಲ್ಲಿ ಮುಳುಗುತ್ತದೆ. ವಿರಳವಾಗಿ ಬರೆಯುವವರನ್ನು ಮರೆಯದೆ ಗಮನಿಸುವುದೇ ಫೀಡಿನ ನಿಜವಾದ ಪ್ರಯೋಜನವೆಂಬುದನ್ನು ಅರಿತವರು ಈ ತಪ್ಪು ಮಾಡುವುದಿಲ್ಲ.

ಈ ಮಿತಿಗಳಲ್ಲಿ ಎರಡನೆಯದೂ ಮೂರನೆಯದೂ ಓದುಗನ ವಿವೇಕದಿಂದ ಸರಿಹೋಗಬಹುದಾದವು. ಮೊದಲನೆಯದಕ್ಕೆ, ಮುಖ್ಯವಾದ ಬರಹವನ್ನು ಕಂಡ ಕೂಡಲೇ ಲೇಖಕ, ಶೀರ್ಷಿಕೆ, ದಿನಾಂಕ, ವಿಳಾಸಗಳೊಡನೆ ಪ್ರತಿಯೊಂದನ್ನು ಉಳಿಸಿಕೊಳ್ಳುವ ಅಭ್ಯಾಸವೇ ಪರಿಹಾರ. ಬ್ಲಾಗುಗಳು ಅಳಿಯುತ್ತವೆ; ಬರೆದವರು ಕಾಲವಾದ ಮೇಲೆ ವಿಳಾಸದ ಶುಲ್ಕ ಕಟ್ಟುವವರಿಲ್ಲದೆ ತಾಣಗಳು ಮರೆಯಾಗುತ್ತವೆ. ಓಲೆಗರಿಯ ಪ್ರತಿ ಮಾಡಿದವರಿಂದ ಕಾವ್ಯ ಉಳಿದಂತೆ, ಇಲ್ಲಿಯೂ ಪ್ರತಿ ಮಾಡಿಕೊಂಡ ಓದುಗರಿಂದಲೇ ಕೆಲವು ಬರಹಗಳು ಉಳಿಯಬೇಕಾಗಿದೆ.

ಓದುಗರ ಹೊಣೆಯಷ್ಟೇ ಬರೆಯುವವರ ಹೊಣೆಯೂ ಮುಖ್ಯವಾದುದು. ಕೆಲವು ತಾಣಗಳು ಫೀಡಿನಲ್ಲಿ ಎರಡು ಸಾಲಿನ ಸಾರಾಂಶವನ್ನು ಮಾತ್ರ ಕೊಡುತ್ತವೆ. ಜಾಹೀರಾತನ್ನು ನಂಬಿದ ಪತ್ರಿಕೆಗಳಿಗೆ ಅದರ ಅಗತ್ಯವಿರಬಹುದು. ಆದಾಯದ ಉದ್ದೇಶವಿಲ್ಲದ ವಿದ್ವತ್ ಬ್ಲಾಗುಗಳು ಪೂರ್ಣಪಾಠವನ್ನು ನೀಡಲು ಅಡ್ಡಿಯಿಲ್ಲ. ಇದಕ್ಕೆ ಬೇಕಾದ ಆಯ್ಕೆ ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲಿಯೂ ಇದೆ. ಶೀರ್ಷಿಕೆಯಲ್ಲಿ ವಿಷಯ ಸ್ಪಷ್ಟವಾಗಿರಬೇಕು. ವಿಷಯವಿಭಾಗಗಳ ಹೆಸರು ಏಕರೂಪವಾಗಿರಬೇಕು. ಒಮ್ಮೆ 'ಶಾಸನ', ಮತ್ತೊಮ್ಮೆ 'ಶಾಸನಗಳು', ಇನ್ನೊಮ್ಮೆ 'ಶಿಲಾಲೇಖ' ಎಂದು ಬದಲಿಸಿದರೆ ವಿಭಾಗದ ಫೀಡು ನಿಷ್ಪ್ರಯೋಜಕ. ಹಳೆಯ ಲೇಖನವನ್ನು ತಿದ್ದಿದಾಗ ತಿದ್ದಿದ ದಿನಾಂಕವನ್ನೂ ಕಾರಣವನ್ನೂ ಬರಹದಲ್ಲಿಯೇ ನಮೂದಿಸಬೇಕು. ಫೇಸ್‌ಬುಕ್ಕಿನಲ್ಲಿ ಬರೆಯುವವರು ಅಲ್ಲಿಯೇ ಬರೆಯಲಿ. ಆದರೆ ಉಳಿಯಬೇಕಾದುದರ ಒಂದು ಪ್ರತಿಯನ್ನು ಫೀಡು ಇರುವ ಸ್ವಂತ ತಾಣದಲ್ಲಿ ಇಡಲಿ.

ವಿಶ್ವವಿದ್ಯಾಲಯಗಳಿಗೂ ಇಲ್ಲಿ ಕರ್ತವ್ಯವಿದೆ. ಪಿಎಚ್.ಡಿ. ಪೂರ್ವ ಕೋರ್ಸಿನಲ್ಲಿ ಸಂಶೋಧನಾ ವಿಧಾನವನ್ನು ಬೋಧಿಸುವಾಗ ಅಡಿಟಿಪ್ಪಣಿ, ಗ್ರಂಥಋಣ, ಕ್ಷೇತ್ರಕಾರ್ಯಗಳಿಗೆ ಸ್ಥಳವಿರುತ್ತದೆ. ಪ್ರಚಲಿತ ಬರವಣಿಗೆಯನ್ನು ವರ್ಷಗಟ್ಟಲೆ ಕ್ರಮವಾಗಿ ಗಮನಿಸುವುದು ಹೇಗೆಂಬುದಕ್ಕೂ ಸ್ಥಳ ಬೇಕು. ಅದಕ್ಕೆ ಒಂದೆರಡು ತರಗತಿಗಳು ಸಾಕು. ವಿಭಾಗಗಳು ತಮ್ಮ ಪತ್ರಿಕೆಯ ಪರಿವಿಡಿ, ವಿಚಾರಸಂಕಿರಣದ ಪ್ರಕಟಣೆ, ಹೊಸ ಗ್ರಂಥಗಳ ಪಟ್ಟಿಗಳನ್ನು ಚಿತ್ರಗಳಾಗಿ ಹಂಚುವ ಬದಲು ಯೂನಿಕೋಡ್ ಪಠ್ಯವಾಗಿ ಫೀಡಿನೊಡನೆ ಪ್ರಕಟಿಸಿದರೆ, ಕಲಬುರಗಿಯಲ್ಲಿರುವ ವಿದ್ಯಾರ್ಥಿಗೂ ಅಮೆರಿಕದಲ್ಲಿರುವ ಕನ್ನಡ ಸಂಶೋಧಕನಿಗೂ ಅವು ಒಂದೇ ದಿನ ತಲುಪುತ್ತವೆ.

ಫೀಡು ವಿದ್ವತ್ತನ್ನು ಕೊಡುವುದಿಲ್ಲ. ಬಂದ ಬರಹದ ಸತ್ಯಾಸತ್ಯಗಳನ್ನು ತೂಗುವುದೂ ಇಲ್ಲ. ಆ ಕೆಲಸ ಎಂದಿನಂತೆ ಓದುವವರದ್ದು. ಅದು ಮಾಡಬಲ್ಲದ್ದು ಇಷ್ಟೇ: ಯಾರ ಬರಹವನ್ನು ಓದಬೇಕು, ಯಾವ ಕ್ರಮದಲ್ಲಿ ಓದಬೇಕು ಎಂಬ ನಿರ್ಧಾರವನ್ನು ಓದುವವರ ಕೈಯಲ್ಲಿಯೇ ಉಳಿಸುವುದು. ಆ ನಿರ್ಧಾರವನ್ನು ಬಿಟ್ಟುಕೊಟ್ಟ ಸಂಶೋಧಕನು ತನ್ನ ಆಕರಗಳ ಆಯ್ಕೆಯನ್ನೇ ಅಪರಿಚಿತರಿಗೆ ಬಿಟ್ಟುಕೊಟ್ಟಂತೆ. ಕನ್ನಡ ಸಂಶೋಧನೆಗೆ ಕಾಲಿಡುತ್ತಿರುವ ವಿದ್ಯಾರ್ಥಿಗಳು ತಮ್ಮ ವಿಷಯಕ್ಕೆ ಸಂಬಂಧಿಸಿದ ಹತ್ತು ಒಳ್ಳೆಯ ತಾಣಗಳನ್ನು ಗುರುತಿಸಿ, ಅವುಗಳ ಫೀಡುಗಳನ್ನು ಒಂದೆಡೆ ಸೇರಿಸಿ, ವಾರಕ್ಕೆರಡು ಬಾರಿ ಶ್ರದ್ಧೆಯಿಂದ ನೋಡುವುದರೊಂದಿಗೆ ಆರಂಭಿಸಬಹುದು. ಪ್ರಬಂಧ ಮುಗಿಯುವ ವೇಳೆಗೆ ಆ ಪಟ್ಟಿ ಬೆಳೆದು, ಅವರ ನಂತರ ಬರುವವರಿಗೆ ಕೊಡಬಹುದಾದ ಒಂದು ಆಸ್ತಿಯಾಗಿರುತ್ತದೆ.